ಮುಖ ನೋಡಿ ಮಣೆ ಹಾಕಿದೆವು

ಪಗ್ ನಾಯಿಯ ಚಪ್ಪಟೆ ಮೂತಿಗೆ ಜಗತ್ತು ಮರುಳಾಗಿ ಶತಮಾನಗಳೇ ಕಳೆದಿವೆ. ಆದರೆ ಆ ಮೂತಿ ಈಗಿರುವಷ್ಟು ಚಪ್ಪಟೆಯಾಗಿದ್ದು ಈಚೆಗೆ. ಅದಕ್ಕೆ ಬೆಲೆ ತೆರುತ್ತಿರುವುದು ನಾಯಿ.

2003ರಲ್ಲಿ ಟಿ.ವಿ.ಯಲ್ಲಿ ಒಂದು ಜಾಹೀರಾತು ಬಂತು. ಒಬ್ಬ ಹುಡುಗ, ಅವನ ಹಿಂದೆ ಒಂದು ಮೋಟು ಮೂತಿಯ ನಾಯಿ. ಹುಡುಗ ಎಲ್ಲಿಗೆ ಹೋದರೂ ನಾಯಿ ಬೆನ್ನು ಬಿಡುವುದಿಲ್ಲ. ನೀವು ಹೋದಲ್ಲೆಲ್ಲ ನಮ್ಮ ನೆಟ್‌ವರ್ಕ್ ಹಿಂಬಾಲಿಸುತ್ತದೆ ಎಂದು ಹೇಳಲು ಹಚ್ ಮೊಬೈಲ್ ಕಂಪನಿ ಕಂಡುಕೊಂಡ ದಾರಿ ಅದು. ಜಾಹೀರಾತನ್ನು ನಿರ್ದೇಶಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ. ನಾಯಿಯ ಹೆಸರು ಚೀಕಾ. ಅಲ್ಲಿಯವರೆಗೆ ನಮ್ಮಲ್ಲಿ ಪೊಮೇರಿಯನ್, ಡಾಬರ್‌ಮನ್, ಆಲ್ಸೇಷಿಯನ್ ಗೊತ್ತಿದ್ದಷ್ಟು ಪಗ್ ಗೊತ್ತಿರಲಿಲ್ಲ. ಆಮೇಲೆ ಪೆಟ್ ಅಂಗಡಿಗೆ ಹೋದವರೆಲ್ಲ ಕೇಳಿದ್ದು ಒಂದೇ: ‘ಹಚ್ ನಾಯಿ ಇದೆಯಾ?’

2007ರಲ್ಲಿ ಹಚ್ ಹೋಗಿ ವೊಡಾಫೋನ್ ಆಯಿತು. ಗುಲಾಬಿ ಗೂಡಿನಿಂದ ಹೊರಟ ನಾಯಿ ಕೆಂಪು ಗೂಡಿಗೆ ಮರಳುವ ಜಾಹೀರಾತಿನಲ್ಲೇ ಆ ಸುದ್ದಿಯೂ ಮನೆಮನೆಗೆ ಮುಟ್ಟಿತು. ನಾಯಿಯ ಹೆಸರೂ ಬದಲಾಗಿ ‘ವೊಡಾಫೋನ್ ನಾಯಿ’ ಆಯಿತು. ಇಂದಿಗೂ ಎಷ್ಟೋ ಮಂದಿ ಅದನ್ನು ಹಾಗೇ ಕರೆಯುತ್ತಾರೆ.

ಜಾಹೀರಾತು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಪಗ್ ನಿಜಕ್ಕೂ ಬೆನ್ನು ಬಿಡದ ನಾಯಿ. ಬೆನ್ನು ಹತ್ತಿ ನಡೆಯುವಾಗ ಅದರ ಉಸಿರಾಟ ಹೇಗಿರುತ್ತದೆ ಎಂಬುದು ಮಾತ್ರ ಹಿನ್ನೆಲೆ ಸಂಗೀತದಲ್ಲಿ ಯಾರಿಗೂ ಕೇಳಿಸಲಿಲ್ಲ.

ಚೀನಾದ ಅರಮನೆಯಿಂದ ಡಚ್ ಹಡಗಿಗೆ

ಪಗ್‌ನ ಮೂಲ ಚೀನಾ. ಬೇಟೆಗೂ ಕಾವಲಿಗೂ ಬಾರದ, ಮಡಿಲಲ್ಲಿ ಕೂರಲೆಂದೇ ಬೆಳೆಸಿದ ಗಿಡ್ಡ ಮೂತಿಯ ನಾಯಿಗಳನ್ನು ಅಲ್ಲಿನ ರಾಜಮನೆತನಗಳು ಬಹು ಹಿಂದಿನಿಂದ ಸಾಕುತ್ತಿದ್ದವು. 16ನೇ ಶತಮಾನದಲ್ಲಿ ಪೂರ್ವದ ಸಮುದ್ರದಾರಿ ತೆರೆದ ಮೇಲೆ ರೇಷ್ಮೆ, ಪಿಂಗಾಣಿ, ಚಹಾದ ಜೊತೆಗೆ ಈ ನಾಯಿಗಳೂ ಯುರೋಪಿನ ಹಡಗು ಹತ್ತಿದವು. ಅವಕ್ಕೆ ಅಲ್ಲಿ ಸಿಕ್ಕ ಮೊದಲ ದೊಡ್ಡ ಆಶ್ರಯ ನೆದರ್‌ಲ್ಯಾಂಡ್ಸ್‌ನ ಆರೆಂಜ್ ಮನೆತನ.

ಅಲ್ಲಿ ಇವತ್ತಿಗೂ ಹೇಳುವ ಕಥೆಯೊಂದಿದೆ. 1572ರಲ್ಲಿ ಸ್ಪೇನಿನ ಸೈನಿಕರು ರಾತ್ರಿ ಹೊತ್ತು ಆರೆಂಜ್ ರಾಜಕುಮಾರ ವಿಲಿಯಂನ ಶಿಬಿರಕ್ಕೆ ನುಗ್ಗಿದಾಗ, ಅವನ ಪುಟ್ಟ ನಾಯಿ ಪರಚಿ, ಬೊಗಳಿ, ಮುಖದ ಮೇಲೆ ಹಾರಿ ಎಬ್ಬಿಸಿತಂತೆ. ರಾಜಕುಮಾರ ಕುದುರೆ ಹತ್ತಿ ಪಾರಾದ. ಪಗ್ ಪ್ರಿಯರು ಆ ನಾಯಿಗೆ ಪಾಂಪಿ ಎಂದು ಹೆಸರಿಟ್ಟು ತಮ್ಮ ತಳಿಯ ವೀರಪುರುಷನನ್ನಾಗಿ ಮಾಡಿಕೊಂಡಿದ್ದಾರೆ. ಆದರೆ ಈ ಪ್ರಸಂಗವನ್ನು ದಾಖಲಿಸಿದ ರೋಜರ್ ವಿಲಿಯಮ್ಸ್ ಎಂಬ ಸೈನಿಕ ಹೇಳುವುದು ಸೊಟ್ಟ ಮೂಗಿನ ಬಿಳಿ ನಾಯಿಗಳ ಬಗ್ಗೆ. ಪಗ್ ಬಿಳಿಯಲ್ಲ. ಡೆಲ್ಫ್ಟ್ ನಗರದ ಹೊಸ ಚರ್ಚಿನಲ್ಲಿ ವಿಲಿಯಂನ ಸಮಾಧಿಶಿಲ್ಪದ ಪಾದದ ಬಳಿ ಮಲಗಿರುವ ಕಲ್ಲಿನ ನಾಯಿಯನ್ನು ನೋಡಿ, ಇದು ಬೇರೆಯೇ ಡಚ್ ತಳಿ ಎನ್ನುವವರೂ ಇದ್ದಾರೆ. ವೀರ ಯಾರೇ ಆಗಿರಲಿ, ಆ ಮನೆತನದ ಜೊತೆ ಪಗ್‌ನ ನಂಟು ಮಾತ್ರ ಗಟ್ಟಿಯಾಯಿತು. 1689ರಲ್ಲಿ ಮೂರನೇ ವಿಲಿಯಂ ಮತ್ತು ಎರಡನೇ ಮೇರಿ ಇಂಗ್ಲೆಂಡಿನ ಸಿಂಹಾಸನ ಏರಿದರು. ಅವರ ಬೆನ್ನಿಗೇ ಪಗ್ ಅಲ್ಲಿನ ಶ್ರೀಮಂತರ ಮನೆಗಳನ್ನೂ ಹೊಕ್ಕಿತು.

18ನೇ ಶತಮಾನ ಪಗ್‌ನ ಸುವರ್ಣಕಾಲ. ಪೋಪ್ 12ನೇ ಕ್ಲೆಮೆಂಟ್ 1738ರಲ್ಲಿ ಕ್ಯಾಥೊಲಿಕರು ಫ್ರೀಮೇಸನ್ ಸಂಘಗಳಿಗೆ ಸೇರಬಾರದೆಂದು ಅಪ್ಪಣೆ ಹೊರಡಿಸಿದಾಗ, ಜರ್ಮನಿಯಲ್ಲಿ ಕೆಲವರು ‘ಮಾಪ್ಸ್’ ಅಂದರೆ ಪಗ್ ಹೆಸರಿನಲ್ಲೇ ಗುಪ್ತ ಸಂಘವೊಂದನ್ನು ಕಟ್ಟಿಕೊಂಡರು. ಹೊಸದಾಗಿ ಸೇರುವವರು ಕೊರಳಿಗೆ ನಾಯಿಪಟ್ಟಿ ಕಟ್ಟಿಕೊಂಡು, ಬಾಗಿಲನ್ನು ನಾಯಿಯಂತೆ ಕೆರೆದು ಒಳಗೆ ಬರಬೇಕು. ಪಿಂಗಾಣಿ ಪಗ್ ಒಂದರ ಬಾಲದ ಕೆಳಗೆ ಮುತ್ತಿಟ್ಟು ನಿಷ್ಠೆ ತೋರಿಸಬೇಕು. ಹೆಂಗಸರಿಗೂ ಅಲ್ಲಿ ಪ್ರವೇಶವಿತ್ತು. 1745ರಲ್ಲಿ ಪುಸ್ತಕವೊಂದು ಈ ಗುಟ್ಟನ್ನೆಲ್ಲ ರಟ್ಟು ಮಾಡಿತು. ಆ ಕಾಲದ ಮೈಸೆನ್ ಕಾರ್ಖಾನೆಯ ಪಿಂಗಾಣಿ ಪಗ್‌ಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ಫ್ರಾನ್ಸಿನಲ್ಲಿ ಜೋಸೆಫೀನ್‌ಳ ಪಗ್ ಫೋರ್ಚ್ಯುನೆ ಇನ್ನೂ ಗಟ್ಟಿಗ. 1796ರಲ್ಲಿ ಮದುವೆಯಾಗಿ ಬಂದ ನೆಪೋಲಿಯನ್‌ಗೆ ಹಾಸಿಗೆಯಲ್ಲಿ ಜಾಗ ಬಿಟ್ಟುಕೊಡಲು ಅದು ಒಪ್ಪಲಿಲ್ಲ, ಕಾಲಿಗೆ ಕಚ್ಚಿತು. ಈ ಮಾತನ್ನು ನೆಪೋಲಿಯನ್ನನೇ ಹೇಳಿಕೊಂಡ ಎಂದು ಅವನ ಸಮಕಾಲೀನ ಕವಿ ಆರ್ನೋ ಬರೆದಿಟ್ಟಿದ್ದಾನೆ. ಯುರೋಪನ್ನೇ ನಡುಗಿಸಲಿದ್ದವನನ್ನು ಮೊದಲ ರಾತ್ರಿಯೇ ಮಣಿಸಿದ್ದು ಒಂದು ಮಡಿಲ ನಾಯಿ.

ಹೊಗಾರ್ತ್‌ನ ಚಿತ್ರ ಹೇಳುವ ಸಾಕ್ಷಿ

ಇಷ್ಟೆಲ್ಲ ಮೆರೆದ ನಾಯಿಯ ಮುಖ ಆಗ ಹೇಗಿತ್ತು? ಅದಕ್ಕೆ ಒಳ್ಳೆಯ ಸಾಕ್ಷಿ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನದೇ ಭಾವಚಿತ್ರ ಬರೆದ. ಅಂಡಾಕಾರದ ಚೌಕಟ್ಟಿನೊಳಗೆ ಅವನು, ಚೌಕಟ್ಟಿನ ಹೊರಗೆ ಮುಂಭಾಗದಲ್ಲಿ ಅವನ ಪಗ್. ನಾಯಿಯ ಹೆಸರು ಟ್ರಂಪ್. ಯಜಮಾನನಿಗಿಂತ ನಾಯಿಯೇ ನೋಡುವವರಿಗೆ ಹತ್ತಿರ.

ಟ್ರಂಪ್‌ನ ಮುಖವನ್ನು ಸ್ವಲ್ಪ ಹೊತ್ತು ನೋಡಬೇಕು. ಕಪ್ಪು ಮುಸುಡಿ, ಹಣೆಯ ಸುಕ್ಕು ಎಲ್ಲ ಇವೆ. ಆದರೆ ಮೂಗು ಕಣ್ಣುಗಳ ನಡುವೆ ಹೂತುಹೋಗಿಲ್ಲ. ಮೂತಿ ಗಿಡ್ಡವಾದರೂ ಸ್ಪಷ್ಟವಾಗಿ ಮುಂದಕ್ಕೆ ಚಾಚಿಕೊಂಡಿದೆ. ಕಣ್ಣುಗುಡ್ಡೆ ಹೊರಗೆ ಉಬ್ಬಿ ಬಂದಿಲ್ಲ. ಸುಮಾರು 1786ರಲ್ಲಿ ಸ್ಪೇನಿನ ಗೋಯ ಬರೆದ ಪೊಂತೆಹೋಸ್ ಮಾರ್ಕೀಸಳ ಚಿತ್ರದಲ್ಲಿ ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ನಡೆಯುವ ಪಗ್ ಕೂಡ ನೀಳ ಕಾಲಿನ, ಚುರುಕು ನಡೆಯ ನಾಯಿ. ಈ ಎರಡನ್ನೂ ಇಂದು ಪಾರ್ಕಿಗೆ ಕರೆತಂದರೆ ‘ಇದೇನು, ಕ್ರಾಸ್ ಬ್ರೀಡಾ?’ ಎಂದು ಕೇಳಿಯಾರು.

ಬದಲಾವಣೆ ಶುರುವಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. 1860ರ ದಶಕದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ತಲುಪಿದ ಲ್ಯಾಂಬ್ ಮತ್ತು ಮಾಸ್ ಎಂಬ ಜೋಡಿಯ ರಕ್ತ ಇಂದಿನ ಎಷ್ಟೋ ಪಗ್‌ಗಳಲ್ಲಿ ಹರಿಯುತ್ತಿದೆ. 1886ರಲ್ಲಿ ಲೇಡಿ ಬ್ರಾಸಿ ಕಪ್ಪು ಪಗ್‌ಗಳನ್ನು ಪ್ರದರ್ಶನಕ್ಕಿಟ್ಟು ಬೆರಗು ಹುಟ್ಟಿಸಿದಳು. ಅಷ್ಟರಲ್ಲಿ ನಾಯಿ ಸಾಕುವುದು ಸ್ಪರ್ಧೆಯಾಗಿ ಬದಲಾಗಿತ್ತು. 1873ರಲ್ಲಿ ಕೆನಲ್ ಕ್ಲಬ್, 1883ರಲ್ಲಿ ಪಗ್ ಡಾಗ್ ಕ್ಲಬ್ ಹುಟ್ಟಿದವು. ರಾಣಿ ವಿಕ್ಟೋರಿಯಾಳೇ ಪಗ್ ಸಾಕುತ್ತಿದ್ದಳು ಎಂದ ಮೇಲೆ ಕೇಳಬೇಕೆ? ತಳಿಯ ಲಕ್ಷಣಗಳನ್ನು ಬರೆದಿಟ್ಟರು. ಆ ಲಕ್ಷಣಕ್ಕೆ ಹತ್ತಿರವಿದ್ದ ನಾಯಿಗೆ ಬಹುಮಾನ, ಬಹುಮಾನ ಬಂದ ನಾಯಿಯ ಮರಿಗಳಿಗೆ ಬೇಡಿಕೆ. ಮೂತಿ ಗಿಡ್ಡವಿರಬೇಕು ಎಂದು ಬರೆದರೆ ತೀರ್ಪುಗಾರರು ಇನ್ನೂ ಗಿಡ್ಡದ್ದನ್ನು ಮೆಚ್ಚಿದರು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮೂಗು ಹಿಂದಕ್ಕೆ ಸರಿಯುತ್ತ ಹೋಯಿತು.

ಗೆದ್ದ ಕೆಲವೇ ಗಂಡುಗಳನ್ನು ಮತ್ತೆ ಮತ್ತೆ ಬಳಸಿದ್ದರಿಂದ ಇನ್ನೊಂದು ತೊಂದರೆಯೂ ಬಂತು. 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಜ್ಞರು ವಂಶಾವಳಿಗಳನ್ನು ಲೆಕ್ಕ ಹಾಕಿದರು. ಬ್ರಿಟನ್ನಿನ ಸುಮಾರು 10 ಸಾವಿರ ಪಗ್‌ಗಳಲ್ಲಿ ಇರುವ ವಂಶವಾಹಿ ವೈವಿಧ್ಯ ಬರೀ 50 ನಾಯಿಗಳದ್ದಕ್ಕೆ ಸಮ ಎಂದು ಕಂಡುಬಂತು. ಅದೇ ವರ್ಷ ಬಿಬಿಸಿ ಪ್ರಸಾರ ಮಾಡಿದ ‘ಪೆಡಿಗ್ರೀ ಡಾಗ್ಸ್ ಎಕ್ಸ್‌ಪೋಸ್ಡ್’ ಸಾಕ್ಷ್ಯಚಿತ್ರ ಈ ಸಂಗತಿಯನ್ನು ಮನೆಮಾತಾಗಿಸಿತು. ಒಳಸಂಬಂಧದ ತಳಿ ಬೆಳೆಸುವಿಕೆ ನಾಯಿಗೆ ಏನು ಮಾಡುತ್ತದೆಂಬುದು ಕನ್ನಡಿಗರಿಗೆ ಹೊಸದಲ್ಲ. 2022ರ ‘777 ಚಾರ್ಲಿ’ಯಲ್ಲಿ ಚಾರ್ಲಿಯ ಕಾಯಿಲೆಗೆ ಕಾರಣವಾಗಿ ತೋರಿಸಿದ್ದೂ ಅದನ್ನೇ.

ಸಂಗ ಬೇಕು, ಊಟ ಬೇಕು

ಮುಖದ ಮಾತು ಹಾಗಿರಲಿ, ಸ್ವಭಾವದಲ್ಲಿ ಪಗ್‌ಗೆ ಸಾಟಿ ಕಡಿಮೆ. ಆರರಿಂದ ಎಂಟು ಕೆ.ಜಿ. ತೂಗುವ ಈ ಪ್ರಾಣಿಗೆ ಬೇಕಾದದ್ದು ಎರಡೇ: ಮನುಷ್ಯರ ಸಂಗ ಮತ್ತು ಊಟ. ನೀವು ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ದೇವರ ಮನೆಗೆ ಹೋದರೆ ಹೊಸ್ತಿಲವರೆಗೆ, ಬಚ್ಚಲಿಗೆ ಹೋದರೆ ಬಾಗಿಲಾಚೆ ಕಾವಲು. ಮಕ್ಕಳು ಕಿವಿ ಎಳೆದರೂ ಸಹಿಸುತ್ತದೆ. ಅತಿಥಿಗಳು ಬಂದರೆ ಎರಡು ಸಲ ಬೊಗಳಿ, ಮೂರನೆಯದಕ್ಕೆ ಬಾಲ ಅಲ್ಲಾಡಿಸಿ, ಅವರ ಕಾಲ ಬಳಿಯೇ ಮಲಗಿಬಿಡುತ್ತದೆ. ಕಳ್ಳನಿಗೂ ಅದೇ ಮರ್ಯಾದೆ ಸಿಕ್ಕೀತು.

ಹಾಗೆಂದು ಹೇಳಿದ ಮಾತು ಕೇಳುವ ನಾಯಿ ಎಂದುಕೊಳ್ಳಬೇಡಿ. ‘ಬಾ’ ಎಂದರೆ ಕೈಯಲ್ಲಿ ಬಿಸ್ಕತ್ತು ಇದೆಯೋ ಇಲ್ಲವೋ ನೋಡಿಕೊಂಡು ತೀರ್ಮಾನ ಮಾಡುತ್ತದೆ. ಗದರಿದರೆ ಮುನಿಸು. ಒಂಟಿಯಾಗಿ ಬಿಟ್ಟು ಇಡೀ ದಿನ ಆಫೀಸಿಗೆ ಹೋದರೆ ಸೊರಗುತ್ತದೆ. ಗಿಡ್ಡ ಕೂದಲು ಎಂದು ನಂಬಿ ತಂದವರ ಸೋಫಾ, ಕರಿ ಪ್ಯಾಂಟು, ಸೀರೆಗಳ ಮೇಲೆಲ್ಲ ವರ್ಷವಿಡೀ ಕೂದಲೇ. ಇಷ್ಟಿದ್ದರೂ ಪಗ್ ಸಾಕಿದವರು ಇನ್ನೊಂದು ಪಗ್ಗನ್ನೇ ತರುತ್ತಾರೆ. ಕಾರಣ, ಮನೆಯವರ ಮನಸ್ಸಿನ ಹವಾಮಾನವನ್ನು ಅದರಷ್ಟು ಬೇಗ ಓದುವ ನಾಯಿಗಳು ವಿರಳ.

ತೊಡಕು ಶುರುವಾಗುವುದೂ ಈ ಒಳ್ಳೆಯತನದಿಂದಲೇ. ಉಸಿರು ಕಟ್ಟುತ್ತಿದ್ದರೂ ಅದು ಆಡುವುದನ್ನು ಬಿಡುವುದಿಲ್ಲ, ಹಿಂಬಾಲಿಸುವುದನ್ನು ನಿಲ್ಲಿಸುವುದಿಲ್ಲ. ಬಾಲ ಅಲ್ಲಾಡುತ್ತಿರುವ ನಾಯಿ ಕಷ್ಟದಲ್ಲಿದೆ ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

‘ಪಗ್ ಅಲ್ವಾ, ಹಾಗೇ ಇರೋದು’

ಏಪ್ರಿಲ್ ಹೊತ್ತಿಗೆ ಪಶು ಚಿಕಿತ್ಸಾಲಯಗಳಲ್ಲಿ ಈ ಸಂಭಾಷಣೆ ಸಾಮಾನ್ಯ. ‘ಗೊರಕೆ ಹೊಡೆಯುತ್ತಾ?’ ಎಂದು ಡಾಕ್ಟರು ಕೇಳುತ್ತಾರೆ. ‘ಅಯ್ಯೋ, ನಮ್ಮ ಯಜಮಾನ್ರಿಗಿಂತ ಜೋರು ಸರ್’ ಎಂದು ನಗು. ‘ಉಸಿರಾಟಕ್ಕೆ ತೊಂದರೆ ಏನಾದರೂ?’ ‘ಇಲ್ಲ, ಇಲ್ಲ. ಪಗ್ ಅಲ್ವಾ, ಹಾಗೇ ಇರೋದು.’

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟದ ತೊಂದರೆ ಇದ್ದ ನಾಯಿಗಳ ಯಜಮಾನರಲ್ಲಿ ಶೇ 58ರಷ್ಟು ಮಂದಿ ತಮ್ಮ ನಾಯಿಗೆ ಅಂಥ ತೊಂದರೆಯೇ ಇಲ್ಲ ಎಂದಿದ್ದರು. ಗೊರಕೆ, ಗುರುಗುರು, ಏದುಸಿರು ಎಲ್ಲವೂ ಅವರ ಪಾಲಿಗೆ ತಳಿಯ ಸಹಜ ಲಕ್ಷಣ.

ಒಳಗೆ ಆಗುವುದೇನು? ತಲೆಬುರುಡೆಯ ಎಲುಬು ಗಿಡ್ಡವಾದಷ್ಟು ಅದರೊಳಗಿನ ಮಾಂಸ ಗಿಡ್ಡವಾಗಲಿಲ್ಲ. ಮನೆ ಸಣ್ಣದಾಯಿತು, ಸಾಮಾನು ಅಷ್ಟೇ ಉಳಿಯಿತು. ನಾಲಿಗೆ, ಮೃದು ಅಂಗುಳ, ಮೂಗಿನೊಳಗಿನ ಸುರುಳಿ ಎಲುಬಿನ ಪದರಗಳು ಎಲ್ಲ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಗಾಳಿಯ ದಾರಿಗೆ ಅಡ್ಡವಾಗುತ್ತವೆ. ಮೂಗಿನ ಹೊಳ್ಳೆಗಳು ಬರೀ ಗೀಟಿನಷ್ಟು ಕಿರಿದು. ಒಳಗೆಳೆಯುವ ಪ್ರತಿ ಉಸಿರಿಗೂ ಬಲ ಹಾಕಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ಎಳೆದು ಎಳೆದು ಧ್ವನಿಪೆಟ್ಟಿಗೆಯೇ ಕುಸಿಯುವುದೂ ಉಂಟು. ವೈದ್ಯರು ಇದನ್ನು ಚುಟುಕಾಗಿ ‘ಬೋಆಸ್’ ಎನ್ನುತ್ತಾರೆ. ಹೊಳ್ಳೆ ಅಗಲಿಸಿ, ಉದ್ದವಾದ ಅಂಗುಳ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಅದರಿಂದ ನೆಮ್ಮದಿ ಸಿಗುತ್ತದೆ, ಪೂರ್ತಿ ಪರಿಹಾರ ಸಿಗುವುದಿಲ್ಲ.

ಮೊಬೈಲಿನಲ್ಲಿ ಹರಿದಾಡುವ ಮುದ್ದಾದ ವಿಡಿಯೊಗಳನ್ನು ಇದು ಗೊತ್ತಾದ ಮೇಲೆ ಇನ್ನೊಮ್ಮೆ ನೋಡಬೇಕು. ಪಗ್ ಒಂದು ಕೂತಲ್ಲೇ ತೂಕಡಿಸುತ್ತದೆ, ತಲೆ ವಾಲಿದಾಗ ಬೆಚ್ಚಿ ಎಚ್ಚರಾಗುತ್ತದೆ. ಇನ್ನೊಂದು ಸೋಫಾದ ಅಂಚಿಗೆ ಗದ್ದವನ್ನು ಎತ್ತರಿಸಿ ಇಟ್ಟು ಮಲಗಿದೆ. ಮತ್ತೊಂದು ಬಾಯಲ್ಲಿ ಆಟಿಕೆ ಕಚ್ಚಿಕೊಂಡೇ ನಿದ್ದೆ ಹೋಗಿದೆ. ಮಲಗಿದೊಡನೆ ಗಂಟಲು ಮುಚ್ಚಿಕೊಳ್ಳುವ ನಾಯಿ ಬಾಯಿ ತೆರೆದಿಟ್ಟುಕೊಳ್ಳಲು ಕಂಡುಕೊಂಡ ಉಪಾಯಗಳಿವು. ನಾವು ನಕ್ಕು ಲೈಕ್ ಒತ್ತುವುದು ಎಷ್ಟೋ ಸಲ ರೋಗಲಕ್ಷಣಕ್ಕೆ.

ಮೂಗು ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಕಣ್ಣಿನ ಗೂಡು ಆಳವಿಲ್ಲದ್ದರಿಂದ ಕಣ್ಣುಗುಡ್ಡೆಗೆ ಸುಲಭವಾಗಿ ಪೆಟ್ಟಾಗುತ್ತದೆ, ಹುಣ್ಣಾಗುತ್ತದೆ. ಜೋರಾಗಿ ಕತ್ತು ಹಿಡಿದರೆ ಗುಡ್ಡೆ ಹೊರಗೇ ಬಂದ ಪ್ರಕರಣಗಳಿವೆ. ಮೂಗಿನ ಮೇಲಿನ ಸುಕ್ಕಿನ ಮಡಿಕೆಯಲ್ಲಿ ತೇವ ನಿಂತು ಚರ್ಮ ಕೊಳೆಯುತ್ತದೆ. ಬೆನ್ನೆಲುಬಿನ ಮಣಿಗಳು ಅರೆಬರೆಯಾಗಿ ಬೆಳೆದು ಹಿಂಗಾಲು ಸೋಲುವುದುಂಟು. ಮಿದುಳು ಮತ್ತು ಅದರ ಪೊರೆ ಊದಿಕೊಳ್ಳುವ, ಪಗ್ ಹೆಸರಿನಿಂದಲೇ ಗುರುತಿಸುವ ಮಾರಕ ಕಾಯಿಲೆಯೊಂದು ಎಳೆ ವಯಸ್ಸಿನ ನಾಯಿಗಳಿಗೆ ಬರುತ್ತದೆ. ಅದರ ಅಪಾಯ ಎಷ್ಟಿದೆ ಎಂದು ತಿಳಿಸುವ ವಂಶವಾಹಿ ಪರೀಕ್ಷೆ ಈಗ ಇದೆ.

ಇದೆಲ್ಲ ಎಷ್ಟರ ಮಟ್ಟಿಗೆ ಎಂಬುದಕ್ಕೆ ಲೆಕ್ಕವೂ ಸಿಕ್ಕಿದೆ. ರಾಯಲ್ ವೆಟರ್ನರಿ ಕಾಲೇಜಿನ ‘ವೆಟ್‌ಕಂಪಾಸ್’ ಯೋಜನೆ 2022ರಲ್ಲಿ 4,308 ಪಗ್‌ಗಳನ್ನು 21,835 ಬೇರೆ ನಾಯಿಗಳ ಜೊತೆ ಹೋಲಿಸಿತು. ಯಾವುದಾದರೂ ಒಂದು ಕಾಯಿಲೆ ಇರುವ ಸಾಧ್ಯತೆ ಪಗ್‌ಗಳಲ್ಲಿ 1.9 ಪಟ್ಟು ಹೆಚ್ಚು. ಉಸಿರಾಟದ ಆ ತೊಂದರೆ 54 ಪಟ್ಟು, ಕಣ್ಣಿನ ಹುಣ್ಣು 13 ಪಟ್ಟು, ಸುಕ್ಕಿನ ಚರ್ಮರೋಗ 11 ಪಟ್ಟು, ಬೊಜ್ಜು 3.4 ಪಟ್ಟು. ಕಡಿಮೆ ಇದ್ದವುಗಳಲ್ಲಿ ಒಂದು, ಮೇಲೆರಗುವ ಸ್ವಭಾವ. ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಇನ್ನು ಮಾಮೂಲಿ ನಾಯಿಗಳ ಸಾಲಿನಲ್ಲಿ ಇಡಲಾಗದು ಎಂಬುದು ಅವರ ತೀರ್ಮಾನ. ಅದೇ ವರ್ಷ ಬಂದ ಇನ್ನೊಂದು ಲೆಕ್ಕದ ಪ್ರಕಾರ ಬ್ರಿಟನ್ನಿನಲ್ಲಿ ಹುಟ್ಟುವ ಪಗ್ ಮರಿಯ ಸರಾಸರಿ ಆಯಸ್ಸು 7.65 ವರ್ಷ. ಎಲ್ಲ ನಾಯಿಗಳ ಸರಾಸರಿ 11.23.

ನಮ್ಮ ಬಿಸಿಲು, ಅದರ ಮೂಗು

ಇವೆಲ್ಲ ತಂಪು ನಾಡಿನ ಲೆಕ್ಕ ಎಂಬುದು ನೆನಪಿರಲಿ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ಮೈಯ ಕಾವು ಇಳಿಯಬೇಕಾದದ್ದು ಮೂಗಿನೊಳಗಿನ ಒದ್ದೆ ಪದರಗಳ ಮೇಲೆ, ನಾಲಿಗೆಯ ಮೇಲೆ ಗಾಳಿ ಆಡಿದಾಗ. ಮುಧೋಳದ ನಾಯಿಯನ್ನು ನೋಡಿ: ನೀಳ ಮೂತಿ, ಸಪೂರ ಮೈ, ಒಂದು ತೊಲವೂ ಹೆಚ್ಚಿಲ್ಲದ ಮಾಂಸ. ಬಾಗಲಕೋಟೆಯ ಬಿಸಿಲಲ್ಲಿ ಮೊಲದ ಬೆನ್ನಟ್ಟಿ ಓಡಿಯೂ ತಣಿಯಬಲ್ಲ ಮೈಕಟ್ಟು ಅದು. ಪಗ್‌ಗೆ ಆ ಉದ್ದವೂ ಇಲ್ಲ, ಒಳಗೆ ಗಾಳಿಗೆ ದಾರಿಯೂ ಇಲ್ಲ. ಏದುಸಿರು ಬಿಟ್ಟಷ್ಟೂ ಗಂಟಲು ಊದಿ ದಾರಿ ಇನ್ನಷ್ಟು ಕಿರಿದಾಗುತ್ತದೆ, ಕಾವು ಇನ್ನಷ್ಟು ಏರುತ್ತದೆ. ಬ್ರಿಟನ್ನಿನಲ್ಲೇ ಪಗ್‌ಗೆ ಬಿಸಿಲಾಘಾತದ ಅಪಾಯ ಲ್ಯಾಬ್ರಡಾರ್‌ಗಿಂತ ಸುಮಾರು ಮೂರು ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಅದರ ಪಾಡೇನು? ಅನೇಕ ವಿಮಾನ ಸಂಸ್ಥೆಗಳು ಗಿಡ್ಡ ಮೂತಿಯ ನಾಯಿಗಳನ್ನು ಸರಕಿನ ವಿಭಾಗದಲ್ಲಿ ಒಯ್ಯಲು ಒಪ್ಪದಿರುವುದೂ ಈ ಭಯಕ್ಕೇ.

ಮನೆಯಲ್ಲಿ ಈಗಾಗಲೇ ಪಗ್ ಇದ್ದರೆ ಎದೆಗುಂದಬೇಕಿಲ್ಲ, ಎಚ್ಚರ ಸಾಕು. ಮೊದಲ ಮದ್ದು ತೂಕ ಇಳಿಸುವುದು. ದಪ್ಪಗಾದಷ್ಟೂ ಪಗ್‌ನ ಉಸಿರಾಟ ಕೆಡುತ್ತದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ತಜ್ಞರು ತೋರಿಸಿದ್ದಾರೆ. ಪಕ್ಕೆಲುಬು ಕೈಗೆ ಸಿಗಬೇಕು. ಅದು ಬೇಡುವ ಕಣ್ಣಿಗೆ ಕರಗಿ ಚಪಾತಿ, ಬಿಸ್ಕತ್ತು, ಹಪ್ಪಳ ಕೊಡುವುದು ಪ್ರೀತಿ ಎನಿಸಿಕೊಳ್ಳುವುದಿಲ್ಲ. ತಿರುಗಾಟ ಬೆಳಗಿನ ತಂಪಿನಲ್ಲಿ, ಇಲ್ಲವೇ ಸಂಜೆ ನೆಲ ಆರಿದ ಮೇಲೆ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್. ಮೂಗಿನ ಮಡಿಕೆಯನ್ನು ಒರೆಸಿ ಒಣಗಿಸುವುದು ದಿನದ ಕೆಲಸ. ಕಣ್ಣು ಕಿರಿದು ಮಾಡಿದರೆ, ಕೆಂಪಾದರೆ ಅಂದೇ ಡಾಕ್ಟರ ಹತ್ತಿರ. ನಾಲಿಗೆ ನೀಲಿಗೆ ತಿರುಗಿದರೆ ಒಂದು ಗಳಿಗೆಯೂ ಕಾಯುವಂತಿಲ್ಲ: ಮೈಗೆ ನೀರು ಸುರಿದು, ಫ್ಯಾನ್ ಗಾಳಿ ಕೊಡುತ್ತಲೇ ಆಸ್ಪತ್ರೆಗೆ ಧಾವಿಸಬೇಕು.

ಮೂಗು ಮರಳಿ ಬಂದೀತೇ?

ಪಗ್ಗನ್ನು ಯುರೋಪಿಗೆ ಪರಿಚಯಿಸಿದ ನೆದರ್‌ಲ್ಯಾಂಡ್ಸೇ ಇವತ್ತು ಅದರ ವಿಷಯದಲ್ಲಿ ಎಲ್ಲರಿಗಿಂತ ಬಿಗಿ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗವಾದರೂ ಇಲ್ಲದ ನಾಯಿಗಳಿಂದ ಮರಿ ಮಾಡಿಸಬಾರದು ಎಂಬ ಅಳತೆಗೋಲನ್ನು ಅಲ್ಲಿನ ಸರ್ಕಾರ 2019ರಲ್ಲಿ ತಂದಿತು. ಮರುವರ್ಷ ಅಲ್ಲಿನ ಕೆನಲ್ ಕ್ಲಬ್, ಪಗ್ ಸೇರಿದಂತೆ ಗಿಡ್ಡ ಮೂತಿಯ 12 ತಳಿಗಳಲ್ಲಿ ಈ ಅಳತೆ ಮುಟ್ಟದ ನಾಯಿಗಳ ಮರಿಗಳಿಗೆ ವಂಶಾವಳಿ ಪತ್ರ ಕೊಡುವುದನ್ನು ನಿಲ್ಲಿಸಿತು. ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿ ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮುಂಚೆ ಮತ್ತು ನಂತರ ಉಸಿರಾಟ ಕೇಳಿ, ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ. ಮೂರನೇ ದರ್ಜೆಯದರಿಂದ ಮರಿ ಮಾಡಿಸಬೇಡಿ ಎಂಬುದು ಸಲಹೆ. ಜರ್ಮನಿಯಲ್ಲಿ ಕೆಲವರು ಪಗ್‌ಗೆ ರಸೆಲ್ ಟೆರಿಯರ್ ರಕ್ತ ಬೆರೆಸಿ, ಹಳೆಯ ಚಿತ್ರಗಳಲ್ಲಿರುವಂಥ ಮೂತಿಯ ‘ರೆಟ್ರೊ ಪಗ್’ ಬೆಳೆಸುತ್ತಿದ್ದಾರೆ.

ಭಾರತದಲ್ಲಿ ಮೂತಿಯ ಅಳತೆಗೆ ಕಾನೂನಿಲ್ಲ. 2017ರ ನಾಯಿ ತಳಿ ಬೆಳೆಸುವಿಕೆ ಮತ್ತು ಮಾರಾಟದ ನಿಯಮಗಳು ಇವೆ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಹೆಣ್ಣುನಾಯಿಗೆ ಹದಿನೆಂಟು ತಿಂಗಳಾಗುವ ಮೊದಲು ಮರಿ ಮಾಡಿಸಬಾರದು. ಆದರೆ ಆನ್‌ಲೈನ್ ಜಾಹೀರಾತಿನಲ್ಲಿ ಫೋಟೊ ನೋಡಿ, ಹಣ ಕಳಿಸಿ, ಬಸ್ ನಿಲ್ದಾಣದ ಹತ್ತಿರ ರಟ್ಟಿನ ಡಬ್ಬದಲ್ಲಿ ಮರಿ ಇಸಿದುಕೊಳ್ಳುವವರು ಇದನ್ನೆಲ್ಲ ಕೇಳುವುದಿಲ್ಲ.

ಹಾಗಾಗಿ ಕೀಲಿಕೈ ಇರುವುದು ಕೊಳ್ಳುವವರ ಬಳಿ. ಪಗ್ ಬೇಕೇ ಬೇಕು ಎನ್ನುವವರು ಮರಿಯ ಮುಖ ನೋಡಿ ಮಣೆ ಹಾಕುವ ಮುಂಚೆ ತಾಯಿ ನಾಯಿಯನ್ನು ನೋಡಲು ಕೇಳಬೇಕು. ಅದನ್ನು ಮೂರು ನಿಮಿಷ ನಡೆಸಿ ಉಸಿರಾಟ ಆಲಿಸಬೇಕು. ಹೊಳ್ಳೆ ತೆರೆದಿದೆಯೇ, ಮೂತಿ ಎದ್ದು ಕಾಣುತ್ತದೆಯೇ, ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸಬೇಕು. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಬಾರದು. ಮನೆಯಿಲ್ಲದೆ ಆಶ್ರಯತಾಣದಲ್ಲಿ ಕಾಯುತ್ತಿರುವ ದೊಡ್ಡ ಪಗ್ ಒಂದನ್ನು ತಂದರೆ ಇನ್ನೂ ಒಳ್ಳೆಯದು. ಅದರ ಸ್ವಭಾವಕ್ಕೆ ವಯಸ್ಸಿನ ಹಂಗಿಲ್ಲ.

‘ಮೂತಿ ಇನ್ನೂ ಚಪ್ಪಟೆ ಇರೋದು ಇದೆಯಾ?’ ಎಂದು ಗಿರಾಕಿ ಕೇಳುತ್ತಿರುವವರೆಗೆ ಮಾರುವವರು ಅದನ್ನೇ ಒದಗಿಸುತ್ತಾರೆ. ‘ಸ್ವಲ್ಪ ಮೂಗು ಇರೋದು ಕೊಡಿ’ ಎಂದು ಹತ್ತು ಜನ ಕೇಳಿದರೆ ಅದಕ್ಕೂ ಬೆಲೆ ಬರುತ್ತದೆ. ನಾಯಿಯ ಒಂದು ತಲೆಮಾರು ಬೆಳೆದು ನಿಲ್ಲಲು ಎರಡು ಮೂರು ವರ್ಷ ಸಾಕು. ಟ್ರಂಪ್‌ಗಿದ್ದ ಮೂಗನ್ನು ಅಳಿಸಲು ಹಿಡಿದಷ್ಟು ಕಾಲ ಅದನ್ನು ಮರಳಿ ತರಲು ಬೇಕಾಗುವುದಿಲ್ಲ.